ಮಂದ್ರ ಸ್ವರ ಮತ್ತು ಅಂಕಿಗಳು

ಹದಿನಾರನೆಯ ಶತಮಾನದ ಇಟಲಿಯ ಚರ್ಚುಗಳಲ್ಲಿ ಐದರಿಂದ ಎಂಟು ಕಂಠಗಳಿಗೆ ಬೇರೆಬೇರೆಯಾಗಿ ರಚಿಸಿದ, ಒಂದರೊಳಗೊಂದು ಹೆಣೆದುಕೊಂಡು ಸಾಗುವ ಬಹುಕಂಠ ಗಾಯನಕ್ಕೆ ಹೆಚ್ಚಿನ ಮನ್ನಣೆಯಿತ್ತು. ಆದರೆ ಅಷ್ಟು ಮಂದಿ ಗಾಯಕರು ಎಲ್ಲೆಡೆಯೂ ದೊರೆಯುತ್ತಿರಲಿಲ್ಲವಾದ್ದರಿಂದ, ಇದ್ದ ಇಬ್ಬರು ಮೂವರು ತಮ್ಮ ಪಾಲನ್ನು ಹಾಡುವಾಗ ಉಳಿದ ಕಂಠಗಳ ಕೊರತೆಯನ್ನು ಆರ್ಗನ್ ವಾದಕ ತುಂಬಬೇಕಾಗುತ್ತಿತ್ತು. ಎಲ್ಲ ಕಂಠಗಳ ಸ್ವರಲಿಪಿಯನ್ನೂ ಒಂದೆಡೆ ಬರೆದುಕೊಳ್ಳುವುದು ಬಹಳ ಶ್ರಮದ ಕೆಲಸವಾಗಿದ್ದುದರಿಂದ ಅನೇಕ ವಾದಕರು ಆಯಾ ಕ್ಷಣದ ಅತ್ಯಂತ ತಗ್ಗಿನ ಸ್ವರವನ್ನಷ್ಟೇ ಗುರುತಿಸಿಕೊಂಡು, ಮೇಲಿನ ಸ್ವರಗಳನ್ನು ತಮ್ಮ ತಿಳಿವಳಿಕೆಯಿಂದಲೇ ಕೂಡಿಸಿ ನುಡಿಸತೊಡಗಿದರು.

ಕೃತಿಯ ಉದ್ದಕ್ಕೂ ಎಡೆಬಿಡದೆ ಸಾಗುವ ಮಂದ್ರದ ಎಳೆ ಎಂಬರ್ಥದ ‘ಬಾಸ್ಸೊ ಕಂಟಿನ್ಯುವೊ’ ಬೆಳೆದುಬಂದದ್ದು ಮುಖ್ಯವಾಗಿ ಈ ರೂಢಿಯಿಂದ. ಸಂಗೀತದ ಚರಿತ್ರೆಗಳು ಇದರ ಹಿರಿಮೆಯನ್ನು ಫ್ಲಾರೆನ್ಸಿನ ವಿದ್ವದ್ಗೋಷ್ಠಿಗೆ ಧಾರಾಳವಾಗಿ ಸಲ್ಲಿಸುತ್ತವೆ. ಹೆಣೆದುಕೊಂಡ ಕಂಠಗಳಲ್ಲಿ ಸಾಹಿತ್ಯ ಮುಳುಗಿಹೋಗುತ್ತದೆಂದು ಆ ವಿದ್ವಾಂಸರು ಬಗೆದದ್ದೂ, 1600ರಲ್ಲಿ ಯಾಕೊಪೊ ಪೆರಿ ‘ಯೂರಿಡಿಚೆ’ ಗೀತನಾಟಕದಲ್ಲಿ ಒಂಟಿ ಕಂಠವನ್ನು ಮಾತಿನ ಲಯದಲ್ಲಿ ನಡೆಸಿದ್ದೂ ನಿಜ. ಆದರೆ ಹೆಸರಿಲ್ಲದ ಆರ್ಗನ್ ವಾದಕರಿಗೂ ಅಷ್ಟೇ ಪಾಲು ಸಲ್ಲಬೇಕು. 1602ರಲ್ಲಿ ವೆನಿಸ್‌ನಲ್ಲಿ ಪ್ರಕಟವಾದ ಚರ್ಚ್ ಗೀತೆಗಳ ಸಂಕಲನಕ್ಕೆ ಲೊಡೊವಿಕೊ ವಿಯಾದಾನ ಬರೆದ ಮುನ್ನುಡಿಯೇ ಇದಕ್ಕೆ ಆಧಾರ: ಹಲವು ಕಂಠಗಳ ಕೃತಿಯನ್ನು ಕೆಲವರೇ ಹಾಡಿದಾಗ ನಡುನಡುವೆ ದೀರ್ಘ ಮೌನ ಬೀಳುತ್ತದೆ, ಮಾತು ತುಂಡಾಗುತ್ತದೆ ಎಂದು ಕಂಡುಕೊಂಡ ಆತ ಒಂದರಿಂದ ನಾಲ್ಕು ಕಂಠಗಳಿಗೇ ಗೀತೆಗಳನ್ನು ರಚಿಸಿ, ಆರ್ಗನ್ನಿಗೆ ಪ್ರತ್ಯೇಕ ಮಂದ್ರವನ್ನು ಒದಗಿಸಿದ.

ಮಂದ್ರ ಸ್ವರವೊಂದನ್ನೇ ಬರೆದರೆ ಅದರ ಮೇಲೆ ಯಾವ ಸ್ವರಗಳು ಕೂಡಬೇಕೆಂಬುದು ಖಚಿತವಾಗದು. ಆ ಸಂದಿಗ್ಧವನ್ನು ನೀಗಿದ್ದು ಮಂದ್ರ ಸ್ವರದ ಜೊತೆಗೆ ಬರೆಯುತ್ತಿದ್ದ ಅಂಕಿಗಳು. ಅಂಕಿಯಿಲ್ಲದಿದ್ದರೆ ಮಂದ್ರದಿಂದ ಎಣಿಸಿದ ಮೂರನೆಯ ಮತ್ತು ಐದನೆಯ ಸ್ವರಗಳು, ಅಂದರೆ ಷಡ್ಜದ ಮೇಲೆ ಗಾಂಧಾರ ಮತ್ತು ಪಂಚಮ ಬರುತ್ತವೆ. 6 ಎಂದಿದ್ದರೆ ಪಂಚಮದ ಬದಲು ಧೈವತ. 4ರ ಪಕ್ಕದಲ್ಲಿ 3 ಇದ್ದರೆ ಮಧ್ಯಮವನ್ನು ತುಸು ತಡೆದು ಹಿಡಿದು ಗಾಂಧಾರಕ್ಕೆ ಇಳಿಸಬೇಕು. ಸಾಲಿನ ಮುಕ್ತಾಯಕ್ಕೆ ಮುನ್ನ ಹುಟ್ಟುವ ಈ ಕ್ಷಣಿಕ ಘರ್ಷಣೆ ಮತ್ತು ಅದರ ಬಿಡುಗಡೆ ಆ ಕಾಲದ ಸಂಗೀತದ ಅತ್ಯಂತ ಸುಂದರ ಗಳಿಗೆಗಳಲ್ಲಿ ಒಂದು. ಎಷ್ಟು ಸ್ವರ, ಯಾವ ಸ್ಥಾಯಿಯಲ್ಲಿ, ಒಟ್ಟಿಗೋ ಬಿಡಿಸಿಯೋ ಎಂಬುದನ್ನು ವಾದಕನೇ ನುಡಿಸುತ್ತ ತೀರ್ಮಾನಿಸುತ್ತಿದ್ದ. ಸಾಮಾನ್ಯವಾಗಿ ಚೆಲ್ಲೊ ಅಥವಾ ಬಸ್ಸೂನ್ ಮಂದ್ರದ ಎಳೆಯನ್ನು ಹಿಡಿದರೆ, ಹಾರ್ಪ್ಸಿಕಾರ್ಡ್, ಆರ್ಗನ್, ಇಲ್ಲವೇ ಉದ್ದ ಕತ್ತಿನ ತಂತಿವಾದ್ಯವಾದ ಥಿಯೋರ್ಬೊ ಅದರ ಮೇಲಿನ ಸ್ವರಗಳನ್ನು ತುಂಬುತ್ತಿದ್ದವು.

ಕಾರ್ಲ್ ಫಿಲಿಪ್ ಇಮ್ಯಾನುಯೆಲ್ ಬಾಖ್ 1762ರಲ್ಲಿ ಈ ಕಲೆಯನ್ನು ವಿಸ್ತಾರವಾಗಿ ವಿವರಿಸುವ ಹೊತ್ತಿಗೆ ಅದರ ಅಗತ್ಯವೇ ಕುಗ್ಗತೊಡಗಿತ್ತು: ನಡುವಿನ ಸ್ವರಗಳನ್ನು ರಚನಕಾರರು ವಿಯೋಲಾಗಳಿಗೂ ಊದುವಾದ್ಯಗಳಿಗೂ ತಾವೇ ಬರೆದುಕೊಡುತ್ತಿದ್ದುದರಿಂದ ಕಲ್ಪಿಸಿ ತುಂಬುವವನಿಗೆ ಎಡೆ ಉಳಿಯಲಿಲ್ಲ. ಚರ್ಚ್ ಸಂಗೀತದಲ್ಲಿ ಮಾತ್ರ ಅದು ಇನ್ನೂ ಕೆಲವು ದಶಕಗಳ ಕಾಲ ಬಾಳಿತು.