ಸೌರಶಕ್ತಿಯಿಂದ ನಡೆಯುವ ಗಣಕಯಂತ್ರ ಸ್ಥಗಿತಗೊಂಡಾಗ: ಖರೀದಿ ಠರಾವಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು



ವೈಟ್‌ಫೀಲ್ಡ್‌ನ ಆಚೆಗಿರುವ ನಮ್ಮ ಪಂಚಾಯಿತಿಯಲ್ಲಿ ಕಳೆದ ಮಳೆಗಾಲದಲ್ಲಿ ವಿದ್ಯುತ್ ಹೋದೊಡನೆ ಬಾಪೂಜಿ ಸೇವಾ ಕೇಂದ್ರದ ಗಣಕಯಂತ್ರವು ಆರಿ, ಮತ್ತೆ ಮೊದಲಿನಿಂದ ಆರಂಭವಾಗತೊಡಗಿತು. ದಿನಕ್ಕೆ ಆರೇಳು ಬಾರಿ ಹೀಗಾದುದರಿಂದ ನಮೂನೆ 9ಕ್ಕಾಗಿ ಬಂದವರು ಬರಿಗೈಯಲ್ಲಿ ಹಿಂದಿರುಗಿದರು. ಛಾವಣಿಯ ಮೇಲೆ ಸೌರ ಫಲಕವೂ ಕೊಠಡಿಯಲ್ಲಿ ಬ್ಯಾಟರಿಯೂ ಇದ್ದವು. ಬ್ಯಾಟರಿ ಕೆಟ್ಟಿದೆಯೆಂದು ಭಾವಿಸಿ ಹೊಸದರ ಖರೀದಿಗೆ ಸಾಮಾನ್ಯ ಸಭೆಯ ಟಿಪ್ಪಣಿಯನ್ನು ನಾನೇ ಸಿದ್ಧಪಡಿಸಿದ್ದೆ. ಸಭೆಯ ಹಿಂದಿನ ದಿನ ಮಲ್ಟಿಮೀಟರ್ ಹಿಡಿದು ನೋಡಿದಾಗ ಬ್ಯಾಟರಿ ಸುಸ್ಥಿತಿಯಲ್ಲಿತ್ತು. ಇನ್ವರ್ಟರ್‌ನ ಹಿಂಬದಿಯ ಪುಟ್ಟ ಸ್ವಿಚ್ ಯುಪಿಎಸ್ ಸ್ಥಾನದಲ್ಲಿರದೆ ಸಾಮಾನ್ಯ ಸ್ಥಾನದಲ್ಲಿತ್ತು, ಅಷ್ಟೆ. ಎಂಜಿನಿಯರಿಂಗ್ ಓದಿದವನು ಮೊದಲ ದಿನವೇ ಇದನ್ನು ನೋಡಬೇಕಿತ್ತು.

ಸಾಮಾನ್ಯ ಸ್ಥಾನದಲ್ಲಿ ಇನ್ವರ್ಟರ್ ಲೈನಿನಿಂದ ಬ್ಯಾಟರಿಗೆ ಬದಲಾಗಲು ತುಸು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ಫ್ಯಾನು, ದೀಪಗಳಿಗೆ ಆ ಕ್ಷಣಾರ್ಧ ಗೊತ್ತೇ ಆಗುವುದಿಲ್ಲ. ಗಣಕಯಂತ್ರ ಅದನ್ನು ತಾಳಲಾರದು. ಯುಪಿಎಸ್ ಸ್ಥಾನದಲ್ಲಿ ಬದಲಾವಣೆ ಸೆಕೆಂಡಿನ ನೂರನೆಯ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ.

ಆದ್ದರಿಂದ ಯಂತ್ರ ಯಾವಾಗ ನಿಲ್ಲುತ್ತದೆ ಎಂಬುದನ್ನು ಮೊದಲು ಕೇಳಬೇಕು. ವಿದ್ಯುತ್ ಹೋದ ಕ್ಷಣದಲ್ಲೇ ಆರಿ, ಬಳಿಕ ಬ್ಯಾಟರಿಯ ಮೇಲೆ ಸರಾಗವಾಗಿ ನಡೆದರೆ ಮೇಲೆ ಹೇಳಿದ ಸ್ವಿಚ್ಚನ್ನು ನೋಡತಕ್ಕದ್ದು. ಮುದ್ರಣಕ್ಕೆ ಆದೇಶ ಕೊಟ್ಟಾಗ ಮಾತ್ರ ನಿಂತರೆ ದೋಷ ಹೊರೆಯದು. ಲೇಸರ್ ಪ್ರಿಂಟರ್ ಕಾಯುವಾಗ ಹಲವು ನೂರು ವ್ಯಾಟ್ ಎಳೆಯುತ್ತದೆ; ಅದನ್ನು ಇನ್ವರ್ಟರ್ ಸಾಲಿನಿಂದ ತೆಗೆದು ನೇರ ವಿದ್ಯುತ್ ಸಂಪರ್ಕಕ್ಕೆ ಜೋಡಿಸಿದರೆ ಸಾಕು. ಅರ್ಧ ಗಂಟೆ ನಡೆದು ನಿಂತರೆ ಮಾತ್ರ ಬ್ಯಾಟರಿಯತ್ತ ತಿರುಗಬೇಕು.

ಬ್ಯಾಟರಿಯ ಪರೀಕ್ಷೆಗೆ ಫಲಕದ ಎಂಸಿಬಿಯನ್ನೂ ಮುಖ್ಯ ವಿದ್ಯುತ್ತನ್ನೂ ಆರಿಸಿ, ಹೊರೆಯನ್ನೆಲ್ಲ ತೆಗೆದು, ಎರಡು ಮೂರು ಗಂಟೆ ಬಿಟ್ಟು ಅಳೆಯಬೇಕು. 12 ವೋಲ್ಟ್‌ನ ಸೀಸ-ಆಮ್ಲ ಬ್ಯಾಟರಿ ತುಂಬಿದ್ದರೆ ಸುಮಾರು 12.7 ವೋಲ್ಟ್ ತೋರಿಸುತ್ತದೆ, 12.2ರ ಹತ್ತಿರವಿದ್ದರೆ ಅರ್ಧ ಖಾಲಿಯಾಗಿದೆ ಎಂದರ್ಥ. ತುಂಬಿದೆಯೆಂದು ತೋರಿಸಿಯೂ, ಗಣಕಯಂತ್ರವೊಂದನ್ನೇ ಹಚ್ಚಿದ ಕೆಲವೇ ನಿಮಿಷಗಳಲ್ಲಿ 11ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯ ಆಯಸ್ಸು ತೀರಿದೆ. ಖರೀದಿಗೆ ನ್ಯಾಯವಾದ ಕಾರಣವಿದು. ಅದಕ್ಕೂ ಮುನ್ನ ಟರ್ಮಿನಲ್‌ಗಳ ಮೇಲಿನ ಬಿಳಿ-ಹಸಿರು ಕಿಲುಬನ್ನು ತೆಗೆಸಿ, ಬೋಲ್ಟುಗಳನ್ನು ಬಿಗಿಗೊಳಿಸಿ ಇನ್ನೊಮ್ಮೆ ನೋಡಬೇಕು. ನೀರು ಇಳಿದಿದ್ದರೆ ಭಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ನಮ್ಮ ಭಾಗದ ಗಡಸು ಕೊಳವೆಬಾವಿ ನೀರಂತೂ ಸರ್ವಥಾ ಕೂಡದು.

ಬ್ಯಾಟರಿ ಚೆನ್ನಾಗಿದ್ದೂ ತುಂಬುತ್ತಿಲ್ಲವಾದರೆ ಛಾವಣಿ ಹತ್ತಬೇಕು. ಟಿಪ್ಪರ್ ಲಾರಿಗಳ ಧೂಳು, ಕಟ್ಟಡ ನಿರ್ಮಾಣದ ಸಿಮೆಂಟು ಪುಡಿ ನಮ್ಮ ಪಂಚಾಯಿತಿಗಳಿಗೆ ಹೊಸತಲ್ಲ. ಅವುಗಳಿಗಿಂತ ಕಣ್ತಪ್ಪಿಸುವುದು ನೆರಳು. ಫಲಕ ಅಳವಡಿಸಿದಾಗ ಬಯಲಾಗಿದ್ದ ಪಕ್ಕದ ನಿವೇಶನದಲ್ಲಿ ಈಗ ಅಪಾರ್ಟ್‌ಮೆಂಟ್ ಎದ್ದಿರಬಹುದು. ಫಲಕದೊಳಗಿನ ಕೋಶಗಳು ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದು ಮೂಲೆಯ ನೆರಳು ತನ್ನ ವಿಸ್ತೀರ್ಣಕ್ಕೆ ಮೀರಿದ ನಷ್ಟವನ್ನುಂಟುಮಾಡುತ್ತದೆ. ಬೆಳಿಗ್ಗೆ 9, ಮಧ್ಯಾಹ್ನ 12 ಹಾಗೂ 3 ಗಂಟೆಗೆ ಒಮ್ಮೊಮ್ಮೆ ನೋಡಿದರೆ ಇದು ತಿಳಿಯುತ್ತದೆ.

ಲೆಕ್ಕವನ್ನೂ ಒಮ್ಮೆ ಹಾಕಿ ನೋಡುವುದು ಒಳಿತು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 1,800 ವ್ಯಾಟ್-ಗಂಟೆ ಶಕ್ತಿಯಿದೆ. ಬಾಳಿಕೆಯ ದೃಷ್ಟಿಯಿಂದ ಅರ್ಧವನ್ನಷ್ಟೇ ಬಳಸಬೇಕು. ಇನ್ವರ್ಟರ್‌ನ ನಷ್ಟ ಕಳೆದರೆ ಸುಮಾರು 750 ಉಳಿಯುತ್ತದೆ. 125 ವ್ಯಾಟ್‌ನ ಡೆಸ್ಕ್‌ಟಾಪ್ ಇದರಲ್ಲಿ ಆರು ಗಂಟೆ ನಡೆಯುತ್ತದೆ. 50 ವ್ಯಾಟ್‌ನ ಲ್ಯಾಪ್‌ಟಾಪ್ ಆದರೆ ಹದಿನೈದು ಗಂಟೆ. ಎರಡನೆಯ ಬ್ಯಾಟರಿ ಕೊಳ್ಳುವ ಬದಲು ಮುಂದಿನ ಬಾರಿ ಲ್ಯಾಪ್‌ಟಾಪ್ ಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ.

ಇನ್ನೊಂದು ದೂರು ಸದಸ್ಯರ ಬಳಿಗೆ ಮನೆಗಳಿಂದಲೇ ಬರುತ್ತಿದೆ. ಕೇಂದ್ರ ಸರ್ಕಾರವು ಫೆಬ್ರವರಿ 2024ರಲ್ಲಿ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಸಹಾಯಧನವಿದೆ. ಇದರಡಿ ಫಲಕ ಹಾಕಿಸಿಕೊಂಡವರು, "ಬಿಸಿಲಿದ್ದರೂ ಕರೆಂಟ್ ಹೋದರೆ ಮಕ್ಕಳ ಕಂಪ್ಯೂಟರ್ ಆರುತ್ತದಲ್ಲ" ಎಂದು ಕೇಳುತ್ತಾರೆ. ಇದು ದೋಷವಲ್ಲ. ವಿದ್ಯುತ್ ಜಾಲಕ್ಕೆ ಜೋಡಿಸಿದ ಇನ್ವರ್ಟರ್ ಲೈನ್ ಸತ್ತೊಡನೆ ತಾನೂ ನಿಲ್ಲಬೇಕು. ಇಲ್ಲವಾದರೆ ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಬೆಸ್ಕಾಂ ಸಿಬ್ಬಂದಿಯ ಜೀವಕ್ಕೆ ಅಪಾಯ. ವಿದ್ಯುತ್ ಇಲ್ಲದಾಗಲೂ ನಡೆಯಬೇಕಾದರೆ ಬ್ಯಾಟರಿಯುಳ್ಳ ಹೈಬ್ರಿಡ್ ವ್ಯವಸ್ಥೆ ಬೇಕು, ಅಥವಾ ಗಣಕಯಂತ್ರಕ್ಕಷ್ಟೇ ಸಣ್ಣ ಯುಪಿಎಸ್ ಸಾಕು. ಇದನ್ನು ಅರ್ಜಿ ಹಾಕುವ ಮೊದಲೇ ನಿವಾಸಿಗಳಿಗೆ ತಿಳಿಸತಕ್ಕದ್ದು.

ಹಗಲಿನಲ್ಲಿ ಫಲಕವನ್ನು ಆರಿಸುವ ಸ್ವಿಚ್ ಎಂಬುದಿಲ್ಲ. ಎಂಸಿಬಿ ಇಳಿಸಿದರೂ ಫಲಕದಿಂದ ಅಲ್ಲಿಯವರೆಗಿನ ತಂತಿಯಲ್ಲಿ ವಿದ್ಯುತ್ ಇದ್ದೇ ಇರುತ್ತದೆ. ಆದ್ದರಿಂದ ಆ ತಂತಿಯ ಜೋಡಣೆಗಳನ್ನು ಕಚೇರಿ ಸಹಾಯಕರಿಂದ ಬಿಚ್ಚಿಸದೆ ತಂತ್ರಜ್ಞರನ್ನೇ ಕರೆಸುವುದು. ನಮ್ಮ ಕಚೇರಿಯಲ್ಲಿ ಈಗ ಇನ್ವರ್ಟರ್‌ನ ಪಕ್ಕದಲ್ಲಿ ಒಂದು ಪುಸ್ತಕ ತೂಗುಹಾಕಿದೆ. ತಿಂಗಳಿಗೊಮ್ಮೆ ಬ್ಯಾಟರಿಯ ವೋಲ್ಟೇಜ್, ನೀರು ಹಾಕಿದ ಹಾಗೂ ಫಲಕ ತೊಳೆದ ದಿನಾಂಕವನ್ನು ಅದರಲ್ಲಿ ಬರೆಯಲಾಗುತ್ತಿದೆ. ಖರೀದಿ ಪ್ರಸ್ತಾವನೆ ಬಂದಾಗ ಟಿಪ್ಪಣಿಯ ಜೊತೆ ಆ ಪುಸ್ತಕವನ್ನೂ ಸಭೆಯ ಮುಂದಿಡಲಾಗುತ್ತದೆ.