ಮಿಶ್ರತಳಿ ಗೋಸಂವರ್ಧನೆ: ಲಾಭ ಮತ್ತು ಹೊಣೆ

ಪುಣೆ ನಗರದ ಸ್ವಾರಗೇಟ ಬಸ್ ನಿಲ್ದಾಣವು ಕನ್ನಡಿಗರಿಗೆ ಅಪರಿಚಿತವಾದುದಲ್ಲ. ಬೆಳಗಾವಿ, ಹುಬ್ಬಳ್ಳಿಗಳ ಕಡೆಯಿಂದ ಉದ್ಯೋಗ, ವ್ಯಾಪಾರ, ಶಿಕ್ಷಣಗಳ ನಿಮಿತ್ತ ಬರುವ ಅನೇಕರು ಇಳಿಯುವುದು ಇಲ್ಲಿಯೇ. ಇಲ್ಲಿಂದ ದಕ್ಷಿಣಕ್ಕೆ ಸಾತಾರಾ ರಸ್ತೆಯಲ್ಲಿ ಸಾಗಿದರೆ ಕಾತ್ರಜದಲ್ಲಿ ಪುಣೆ ಜಿಲ್ಲಾ ಸಹಕಾರಿ ಹಾಲು ಉತ್ಪಾದಕರ ಸಂಘದ ಡೈರಿ ಸಿಗುತ್ತದೆ. ಪೂರ್ವಕ್ಕೆ ಸೋಲಾಪುರ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಕ್ರಮಿಸಿದರೆ ಉರುಳಿ ಕಾಂಚನ್ ಗ್ರಾಮ ಬರುತ್ತದೆ. ಈ ಗ್ರಾಮಕ್ಕೂ ನಮ್ಮ ಹಳ್ಳಿಗಳ ಕೊಟ್ಟಿಗೆಗಳಿಗೂ ಹತ್ತಿರದ ಸಂಬಂಧವಿದೆ.

ಮಹಾತ್ಮಾ ಗಾಂಧೀಜಿಯವರು 1946ರಲ್ಲಿ ಉರುಳಿ ಕಾಂಚನ್‌ನಲ್ಲಿ ನಿಸರ್ಗೋಪಚಾರ ಆಶ್ರಮವನ್ನು ಆರಂಭಿಸಿ, ಅದರ ಹೊಣೆಯನ್ನು ಯುವಕರಾಗಿದ್ದ ಮಣಿಭಾಯಿ ದೇಸಾಯಿಯವರಿಗೆ ವಹಿಸಿದರು. ದೇಸಾಯಿಯವರು ಆಶ್ರಮದ ಗೋಶಾಲೆಯಲ್ಲಿ ಮೊದಲು ಗೀರ್ ತಳಿಯನ್ನು ಸುಧಾರಿಸಿದರು. 1967ರಲ್ಲಿ ಅವರು ಸ್ಥಾಪಿಸಿದ ಬೈಫ್ ಸಂಸ್ಥೆಯು ಜರ್ಸಿ ಹಾಗೂ ಹೋಲ್‌ಸ್ಟೀನ್ ಫ್ರೀಸಿಯನ್ ತಳಿಗಳೊಡನೆ ಸಂಕರಣ ಕಾರ್ಯವನ್ನು ಕೈಗೊಂಡು, ಕೃತಕ ಗರ್ಭಧಾರಣೆಯ ಸೇವೆಯನ್ನು ರೈತನ ಮನೆಬಾಗಿಲಿಗೆ ಒಯ್ದಿತು. ಈ ಸೇವೆಗಾಗಿ ಅವರಿಗೆ 1982ರಲ್ಲಿ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು.

ಕರ್ನಾಟಕವೂ ಈ ಕ್ಷೇತ್ರದಲ್ಲಿ ಹಿಂದುಳಿದಿರಲಿಲ್ಲ. ಭಾರತದಲ್ಲಿ ಪ್ರಥಮ ಕೃತಕ ಗರ್ಭಧಾರಣೆ ನಡೆದುದು 1939ರಲ್ಲಿ, ಮೈಸೂರಿನ ಅರಮನೆ ಡೈರಿಯಲ್ಲಿ. ಡಾ. ಸಂಪತ್ ಕುಮಾರನ್ ಅವರು ಅಲ್ಲಿ ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಹೋರಿಯ ವೀರ್ಯವನ್ನು ಬಳಸಿದರು.

ಸಂಕರ ಸತ್ವ ಎಂದರೇನು?

ಎರಡು ಭಿನ್ನ ತಳಿಗಳ ಹೋರಿ ಮತ್ತು ಹಸುಗಳಿಂದ ಸಂತಾನವನ್ನು ಪಡೆಯುವುದೇ ಸಂಕರಣ. ಇದರಿಂದ ಎರಡು ಬಗೆಯ ಪ್ರಯೋಜನಗಳಿವೆ. ಮೊದಲನೆಯದು ಗುಣಗಳ ಕೂಡಿಕೆ. ವಿದೇಶೀ ತಳಿಯ ಅಧಿಕ ಹಾಲು ಮತ್ತು ಬೇಗನೆ ಬೆದೆಗೆ ಬರುವ ಗುಣವು ದೇಶೀ ತಳಿಯ ಬಿಸಿಲು ತಾಳುವ ಹಾಗೂ ರೋಗವನ್ನು ಎದುರಿಸುವ ಶಕ್ತಿಯೊಡನೆ ಒಂದೇ ಪ್ರಾಣಿಯಲ್ಲಿ ಸೇರುತ್ತದೆ.

ಎರಡನೆಯದು ಸಂಕರ ಸತ್ವ. ಒಂದೇ ತಳಿಯೊಳಗೆ ಬಹುಕಾಲ ಸಂತಾನ ಮುಂದುವರಿದಾಗ ಕೆಲವು ದುರ್ಬಲ ವಂಶವಾಹಿಗಳು ಜೋಡಿಯಾಗಿ ಸೇರಿ ತಮ್ಮ ದೋಷವನ್ನು ಪ್ರಕಟಿಸುತ್ತವೆ. ಬೇರೆ ತಳಿಯ ರಕ್ತ ಬೆರೆತಾಗ ಒಂದು ತಳಿಯ ದುರ್ಬಲ ವಂಶವಾಹಿಯನ್ನು ಮತ್ತೊಂದು ತಳಿಯ ಸಬಲ ವಂಶವಾಹಿಯು ಮರೆಮಾಡುತ್ತದೆ. ಆದ್ದರಿಂದ ಕರುವು ತಂದೆತಾಯಿಗಳ ಸರಾಸರಿಗಿಂತ ಮೇಲ್ಮಟ್ಟದ್ದಾಗುತ್ತದೆ. ಗರ್ಭ ಧರಿಸುವ ಶಕ್ತಿ, ಕರು ಬದುಕುಳಿಯುವಿಕೆ, ಹಸುವಿನ ದೀರ್ಘಾಯುಷ್ಯ ಇವುಗಳಲ್ಲಿ ಈ ಲಾಭವು ಎದ್ದು ಕಾಣುತ್ತದೆ. ಕೇವಲ ಆಯ್ಕೆಯಿಂದ ಬೇಗನೆ ಸುಧಾರಿಸಲಾಗದ ಗುಣಗಳೂ ಇವೇ ಎಂಬುದು ಗಮನಾರ್ಹ.

ಹೊರದೇಶಗಳ ಅನುಭವ

ಮಾಂಸಕ್ಕಾಗಿ ದನಗಳನ್ನು ಸಾಕುವ ದೇಶಗಳಲ್ಲಿ ಸಂಕರಣವು ಉದ್ಯಮದ ತಳಹದಿಯೇ ಆಗಿದೆ. ಅಮೆರಿಕದ ಸಂಶೋಧನೆಗಳ ಪ್ರಕಾರ ಮಿಶ್ರತಳಿಯ ತಾಯಿಗೆ ಮಿಶ್ರತಳಿಯ ಕರು ಜನಿಸಿದಾಗ, ಪ್ರತಿ ಹಸುವಿಗೆ ದೊರೆಯುವ ಹಾಲು ಬಿಟ್ಟ ಕರುವಿನ ತೂಕವು ಶುದ್ಧ ತಳಿಗಿಂತ ಶೇಕಡಾ 20ಕ್ಕೂ ಮಿಗಿಲಾಗಿ ಹೆಚ್ಚಬಲ್ಲದು. ಅಲ್ಲಿನ ಉಷ್ಣ ಪ್ರದೇಶಗಳಲ್ಲಿ ಈ ಕಾರ್ಯಕ್ಕೆ ಬಳಸುವ ಬ್ರಾಹ್ಮನ್ ತಳಿಯು ಭಾರತದ ಗೀರ್, ಗುಜರಾತ್‌ನ ಕಾಂಕ್ರೇಜ್, ಓಂಗೋಲ್ ಹಾಗೂ ಕೃಷ್ಣಾ ಕಣಿವೆಯ ದನಗಳಿಂದ ರೂಪುಗೊಂಡಿತು. ಟೆಕ್ಸಾಸಿನ ಸಾಂತಾ ಗರ್ಟ್ರೂಡಿಸ್ ತಳಿಯಲ್ಲಿ ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್, ಐದು ಪಾಲು ಶಾರ್ಟ್‌ಹಾರ್ನ್ ರಕ್ತವಿದೆ.

ನಮ್ಮ ದೇಶದ ಗೋಪಾಲನೆಯ ಉದ್ದೇಶವೇ ಬೇರೆ. ಮಹಾರಾಷ್ಟ್ರದಲ್ಲಿ 2015ರಲ್ಲಿ ಜಾರಿಗೆ ಬಂದ ತಿದ್ದುಪಡಿಯೂ ಕರ್ನಾಟಕದ 2020ರ ಕಾಯಿದೆಯೂ ಎತ್ತು, ಹೋರಿಗಳ ವಧೆಯನ್ನು ಸಹ ನಿಷೇಧಿಸಿದವು. ಆದುದರಿಂದ ಇಲ್ಲಿ ಸಂಕರಣದ ಲಾಭವನ್ನು ಅಳೆಯಬೇಕಾದುದು ಹಾಲಿನಲ್ಲಿ, ಎರಡು ಕರುಗಳ ನಡುವಣ ಅಂತರದಲ್ಲಿ ಮತ್ತು ರೈತನ ಮೇವಿನ ಖರ್ಚಿನಲ್ಲಿ. 2019ರ ಜಾನುವಾರು ಗಣತಿಯಂತೆ ದೇಶದ ಸುಮಾರು 19 ಕೋಟಿ ದನಗಳಲ್ಲಿ ಸುಮಾರು 5 ಕೋಟಿ ವಿದೇಶೀ ಅಥವಾ ಮಿಶ್ರತಳಿಗೆ ಸೇರಿದ್ದವು.

ಎಚ್ಚರಿಕೆಯ ಅಂಶಗಳು

ಸಂಕರ ಸತ್ವವು ಪೂರ್ಣವಾಗಿ ಪ್ರಕಟವಾಗುವುದು ಮೊದಲ ತಲೆಮಾರಿನಲ್ಲಿ. ಮಿಶ್ರತಳಿಯ ಹಸುವನ್ನು ಅದೇ ಬಗೆಯ ಮಿಶ್ರತಳಿ ಹೋರಿಗೆ ಕೂಡಿಸಿದರೆ ಸತ್ವದ ಅರ್ಧಭಾಗ ಕುಂದುತ್ತದೆ. ಪುನಃ ವಿದೇಶೀ ಹೋರಿಯ ವೀರ್ಯವನ್ನೇ ಬಳಸಿದರೆ ಸತ್ವವು ಅರ್ಧಕ್ಕೆ ಇಳಿಯುವುದಲ್ಲದೆ ವಿದೇಶೀ ರಕ್ತವು ಶೇಕಡಾ 75ಕ್ಕೆ ಏರುತ್ತದೆ. ಅಂತಹ ಹಸುವು ಬೇಸಗೆಯಲ್ಲಿ ಏದುಸಿರು ಬಿಡುತ್ತದೆ. ಉಣ್ಣೆಗಳಿಂದ ಹರಡುವ ಥೈಲೇರಿಯಾ ರೋಗಕ್ಕೂ ಕೆಚ್ಚಲು ಬಾವಿಗೂ ಸುಲಭವಾಗಿ ತುತ್ತಾಗುತ್ತದೆ. ಹಸಿರು ಮೇವು ಮತ್ತು ನೆರಳು ಸಾಲದ ಮನೆಯಲ್ಲಿ ಅದು ಆದಾಯಕ್ಕಿಂತ ಸಾಲವನ್ನೇ ಹೆಚ್ಚಿಸಬಹುದು.

ಆದ್ದರಿಂದಲೇ ವಿಜ್ಞಾನಿಗಳು ಸ್ಥಿರ ಪ್ರಮಾಣದ ತಳಿಗಳತ್ತ ಗಮನ ಹರಿಸಿದರು. ಸೇನೆಯ ಡೈರಿಗಳಲ್ಲಿ ರೂಪುಗೊಂಡ ಫ್ರೀಸ್ವಾಲ್‌ನಲ್ಲಿ ಶೇಕಡಾ 62.5 ಹೋಲ್‌ಸ್ಟೀನ್ ಮತ್ತು ಶೇಕಡಾ 37.5 ಸಾಹಿವಾಲ್ ರಕ್ತವಿದೆ. ರಾಹುರಿಯ ಮಹಾತ್ಮಾ ಫುಲೆ ಕೃಷಿ ವಿದ್ಯಾಪೀಠದ ಫುಲೆ ತ್ರಿವೇಣಿಯು ಹೋಲ್‌ಸ್ಟೀನ್, ಜರ್ಸಿ, ಗೀರ್ ಎಂಬ ಮೂರು ತಳಿಗಳ ಸಂಗಮವಾಗಿದೆ.

ಕೃಷ್ಣಾ ಕಣಿವೆಯ ಪಾಠ

ಸ್ವಾರಗೇಟದಿಂದ ಕರ್ನಾಟಕಕ್ಕೆ ಮರಳುವ ಪ್ರಯಾಣಿಕನು ಕೃಷ್ಣಾ ನದಿಯನ್ನು ದಾಟುತ್ತಾನೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ, ಸಾಂಗಲಿ ಪ್ರದೇಶದ ಜಿಗುಟಾದ ಎರೆಭೂಮಿಯನ್ನು ಉಳಲು ಬಲಿಷ್ಠ ಎತ್ತುಗಳು ಬೇಕೆಂದು ಇಲ್ಲಿನ ಸಂಸ್ಥಾನಿಕರು 19ನೆಯ ಶತಮಾನದಲ್ಲಿ ಗೀರ್, ಓಂಗೋಲ್ ಮೊದಲಾದ ದನಗಳನ್ನು ಸ್ಥಳೀಯ ದನಗಳೊಡನೆ ಸಂಕರಿಸಿದುದರಿಂದ ಕೃಷ್ಣಾ ಕಣಿವೆ ತಳಿಯು ಉದಯಿಸಿತು. ಸಂಕರಣವು ನಮಗೆ ಹೊಸದಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಕಡಲಾಚೆಯ ದನಗಳಿಗೆ ಸತ್ವವನ್ನಿತ್ತ ಈ ತಳಿಯು ತನ್ನ ತವರಿನಲ್ಲಿಯೇ ವಿರಳವಾಗಿದೆ. ಉಳುಮೆಗೆ ಟ್ರ್ಯಾಕ್ಟರ್ ಬಂದುದೂ, ವಿವೇಚನೆಯಿಲ್ಲದ ಸಂಕರಣವೂ ಇದಕ್ಕೆ ಕಾರಣಗಳು. ಶುದ್ಧ ತಳಿಗಳು ಉಳಿದರೆ ಮಾತ್ರ ಸಂಕರಣ ಸಾಧ್ಯ. ಅವು ಮೂಲಧನ, ಸಂಕರ ಸತ್ವವು ಅದರ ಬಡ್ಡಿ. ಬಡ್ಡಿಯ ಆಸೆಯಿಂದ ಮೂಲಧನವನ್ನೇ ಕರಗಿಸುವುದು ಜಾಣತನವಲ್ಲ.

ಗೋಪಾಲಕರು ಗಮನಿಸಬೇಕಾದ ಅಂಶಗಳು

1. ಯಾವ ತಳಿಯೆಂದು ಗುರುತಿಸಲಾಗದ, ಕಡಿಮೆ ಹಾಲಿನ ನಾಟಿ ಹಸುಗಳನ್ನು ಮಾತ್ರ ಸಂಕರಣಕ್ಕೆ ಆರಿಸಬೇಕು. ಶುದ್ಧ ಹಳ್ಳಿಕಾರ್, ಅಮೃತಮಹಲ್, ದೇವಣಿ, ಖಿಲಾರಿ, ಕೃಷ್ಣಾ ಕಣಿವೆ ಹಸುಗಳಿಗೆ ಅದೇ ತಳಿಯ ಉತ್ತಮ ಹೋರಿಯ ವೀರ್ಯವನ್ನೇ ಕೊಡಿಸಬೇಕು.

2. ಸಣ್ಣ ಗಾತ್ರದ ಹಸುಗಳಿಗೆ ಜರ್ಸಿಯು ಸೂಕ್ತ. ಭಾರೀ ತಳಿಯ ಹೋರಿಯಿಂದ ಕರು ಹಾಕುವಾಗ ತೊಂದರೆಯಾಗಬಹುದು.

3. ಸಾಮಾನ್ಯ ರೈತರ ಪರಿಸರದಲ್ಲಿ ವಿದೇಶೀ ರಕ್ತವು ಶೇಕಡಾ 50ರಿಂದ 62.5ರೊಳಗಿರುವುದು ಕ್ಷೇಮ. ಇದಕ್ಕಾಗಿ ಪ್ರತಿ ಹಸುವಿಗೆ ಯಾವ ಹೋರಿಯ ವೀರ್ಯ ಬಳಸಲಾಯಿತೆಂಬುದನ್ನು ದಿನಾಂಕ ಸಹಿತ ಬರೆದಿಡಬೇಕು.

4. ಬೆಳಿಗ್ಗೆ ಬೆದೆಗೆ ಬಂದ ಹಸುವಿಗೆ ಅದೇ ಸಂಜೆ, ಸಂಜೆ ಬಂದುದಕ್ಕೆ ಮರುದಿನ ಬೆಳಿಗ್ಗೆ ಗರ್ಭಧಾರಣೆ ಮಾಡಿಸಬೇಕು.

5. ಕರು ಹುಟ್ಟಿದ ಒಂದೆರಡು ಗಂಟೆಗಳೊಳಗೆ ಗಿಣ್ಣುಹಾಲನ್ನು ಕುಡಿಸಬೇಕು.

ಸಂಕರಣವು ಉತ್ತಮ ಸಾಧನವೇ ಹೊರತು ಮಂತ್ರದಂಡವಲ್ಲ. ಮುಂದಿನ ಬಾರಿ ಹಸುವನ್ನು ಪಶುವೈದ್ಯ ಆಸ್ಪತ್ರೆಗೆ ಕರೆದೊಯ್ದಾಗ, ಬಳಸಲಿರುವ ವೀರ್ಯವು ಯಾವ ತಳಿಯ ಹೋರಿಯದೆಂದು ರೈತಬಾಂಧವರು ತಪ್ಪದೆ ಕೇಳಬೇಕು. ಆ ಒಂದು ಪ್ರಶ್ನೆಯನ್ನು ಅವಲಂಬಿಸಿ ಮನೆಯ ಮುಂದಿನ ಹತ್ತು ವರ್ಷಗಳ ಹಾಲು ಹಾಗೂ ನಾಡಿನ ತಳಿಗಳ ಭವಿಷ್ಯ ಎರಡೂ ನಿಂತಿವೆ.