ಅಧ್ಯಕ್ಷನ ಆಜ್ಞೆಯೂ ಅಧಿಕಾರಿಯ ಹೊಣೆಯೂ

ಮೇಲಿನವರ ಆಜ್ಞೆಯನ್ನು ಶಿರಸಾವಹಿಸಿ ನಡೆದ ಅಧಿಕಾರಿಯು, ಆ ಆಜ್ಞೆಯು ಶಾಸನವಿರುದ್ಧವಾಗಿದ್ದ ಪಕ್ಷದಲ್ಲಿ, ನಷ್ಟವನ್ನು ತಾನೇ ತೆರಬೇಕೋ ಅಥವಾ ಆಜ್ಞೆಯೇ ಅವನಿಗೆ ರಕ್ಷೆಯೋ ಎಂಬುದು ಎಲ್ಲ ರಾಜ್ಯಗಳಲ್ಲಿಯೂ ಹುಟ್ಟತಕ್ಕ ಪ್ರಶ್ನೆ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ರಾಜ್ಯಾಂಗವು 1789ರಲ್ಲಿ ಆಚರಣೆಗೆ ಬಂದ ಹದಿನೈದು ವರ್ಷಗಳಲ್ಲಿಯೇ ಇದಕ್ಕೆ ದೊರೆತ ಉತ್ತರವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸುವೆವು.

ಫ್ರಾನ್ಸಿನೊಡನೆ ವೈಮನಸ್ಯವುಂಟಾಗಿದ್ದ 1799ರಲ್ಲಿ, ಫ್ರೆಂಚ್ ಬಂದರುಗಳಿಗೆ ಹೋಗುವ ಅಮೆರಿಕದ ಹಡಗುಗಳನ್ನು ಹಿಡಿಯಬಹುದೆಂದು ಕಾಂಗ್ರೆಸ್ ಸಭೆಯು ಶಾಸನವನ್ನು ಮಾಡಿತು. ಅಧ್ಯಕ್ಷ ಜಾನ್ ಆಡಮ್ಸರ ಸರಕಾರದಿಂದ ನೌಕಾಪತಿಗಳಿಗೆ ಹೊರಟ ನಿರೂಪವಾದರೋ ಅಲ್ಲಿಂದ ಬರುವ ಹಡಗುಗಳನ್ನೂ ಸೇರಿಸಿಕೊಂಡಿತ್ತು. ಅದರಂತೆ ಕ್ಯಾಪ್ಟನ್ ಜಾರ್ಜ್ ಲಿಟಲ್ ಎಂಬವರು ಆ ವರ್ಷದ ಡಿಸೆಂಬರಿನಲ್ಲಿ, ಫ್ರೆಂಚ್ ಬಂದರಾದ ಜೆರೆಮಿಯಿಂದ ಹೊರಟಿದ್ದ ‘ಫ್ಲೈಯಿಂಗ್ ಫಿಷ್’ ಎಂಬ ಹಡಗನ್ನು ಅಮೆರಿಕದ್ದೆಂದು ಶಂಕಿಸಿ ಹಿಡಿದರು. ಅದು ಡೆನ್ಮಾರ್ಕಿನವರ ಹಡಗಾಗಿತ್ತು. ಒಡೆಯರು ನಷ್ಟಪರಿಹಾರವನ್ನು ಬೇಡಿದರು. ವ್ಯಾಜ್ಯವು ಕೆಳಗಿನ ನ್ಯಾಯಸ್ಥಾನಗಳನ್ನು ದಾಟಿ ಸರ್ವೋಚ್ಚ ನ್ಯಾಯಾಲಯವನ್ನು ಸೇರಿ, 1804ರಲ್ಲಿ ತೀರ್ಮಾನವಾಯಿತು.

ಇಲ್ಲಿ ಪೂರ್ವಪಕ್ಷವು ದುರ್ಬಲವಾದುದಲ್ಲ. ಸೈನಿಕನಿಗೆ ಆಜ್ಞಾಪಾಲನೆಯೇ ಧರ್ಮ. ಆಜ್ಞೆಯನ್ನು ವಿಮರ್ಶಿಸುತ್ತ ಕುಳಿತರೆ ಸೇನೆಯೇ ನಿಲ್ಲದು. ಆದುದರಿಂದ ಆಜ್ಞೆಯು ಕೃತ್ಯವನ್ನು ಶಾಸನಸಮ್ಮತವಾಗಿ ಮಾಡದಿದ್ದರೂ, ನಷ್ಟ ತೆರುವ ಹೊಣೆಯಿಂದಲಾದರೂ ಬಿಡಿಸಬೇಕಷ್ಟೆ? ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ಲರ ಮನಸ್ಸು ಮೊದಲು ಈ ಕಡೆಗೇ ಒಲಿದಿತ್ತೆಂದು ಅವರೇ ತೀರ್ಪಿನಲ್ಲಿ ಹೇಳಿದ್ದಾರೆ. ಆದರೆ ಸಹನ್ಯಾಯಾಧೀಶರ ಅಭಿಪ್ರಾಯವನ್ನು ಅಂಗೀಕರಿಸಿ ಅವರು ಮಾಡಿದ ಸಿದ್ಧಾಂತವಿದು: ಹಿಡಿಯಲು ಅಧಿಕಾರವನ್ನು ಕೊಡತಕ್ಕುದು ಶಾಸನವು, ಶಾಸನವು ಹೋಗುವ ಹಡಗುಗಳನ್ನು ಮಾತ್ರ ಹೇಳಿರುವಲ್ಲಿ, ಬರುವ ಹಡಗನ್ನು ಹಿಡಿಯುವ ಅಧಿಕಾರವನ್ನು ಅಧ್ಯಕ್ಷನ ನಿರೂಪವು ಹುಟ್ಟಿಸಲಾರದು. ಹಡಗು ಅಮೆರಿಕದ್ದೇ ಆಗಿದ್ದರೂ ಬಂಧನವು ಅಕ್ರಮವೇ. ಆದಕಾರಣ ನಷ್ಟವನ್ನು ಲಿಟಲ್ಲರು ಸ್ವಂತವಾಗಿ ತೆರಬೇಕಾಯಿತು.

ಪ್ರಾಮಾಣಿಕನಾದ ಸೇವಕನಿಗೆ ಇದು ಕ್ರೂರವಲ್ಲವೆ ಎಂದರೆ, ಕಥೆಯು ಇಲ್ಲಿಗೆ ಮುಗಿಯಲಿಲ್ಲ. 1807ರಲ್ಲಿ ಕಾಂಗ್ರೆಸ್ ಸಭೆಯು ಪ್ರತ್ಯೇಕ ಶಾಸನದಿಂದ ಲಿಟಲ್ಲರ ಹೊರೆಯನ್ನು ಸರಕಾರದ ಬೊಕ್ಕಸದ ಮೇಲೆ ತೆಗೆದುಕೊಂಡಿತು. ಹೀಗೆ ಎರಡು ಕಾರ್ಯಗಳು ಬೇರೆ ಬೇರೆಯಾಗಿದ್ದುವು: ನೊಂದವನಿಗೆ ನ್ಯಾಯವನ್ನು ಕೊಡುವುದು ನ್ಯಾಯಾಲಯದ ಕೆಲಸ; ಸದ್ಬುದ್ಧಿಯಿಂದ ನಡೆದ ಅಧಿಕಾರಿಯನ್ನು ಕಾಯುವುದು ಶಾಸನಸಭೆಯ ಕೆಲಸ.

ಇಪ್ಪತ್ತನೆಯ ಶತಮಾನದಲ್ಲಿ, ಮುಖ್ಯವಾಗಿ 1967ರ ಮತ್ತು 1982ರ ತೀರ್ಪುಗಳಿಂದ, ನ್ಯಾಯಾಲಯವೇ ಅಧಿಕಾರಿಗಳಿಗೆ ಒಂದು ಬಗೆಯ ರಕ್ಷೆಯನ್ನು ಕಲ್ಪಿಸಿತು. ಅದು ಅನ್ವಯಿಸಿದಲ್ಲಿ ಅಧಿಕಾರಿಯು ಪಾರಾಗುವನು, ನಷ್ಟವು ಮಾತ್ರ ಅನೇಕ ವೇಳೆ ನೊಂದವನಲ್ಲಿಯೇ ಉಳಿಯುವುದು. ಹಿಂದಿನ ಪದ್ಧತಿಯಲ್ಲಿ ಆಜ್ಞಾಪಿಸಿದ ಪ್ರಭುತ್ವವೇ ಕೊನೆಗೆ ಬೆಲೆಯನ್ನು ತೆತ್ತಿತೆಂಬುದು ವಿಚಾರವಂತರಿಗೆ ಗಮನಾರ್ಹವಾಗಿದೆ.